ಕುಂಕುಮ ಹಚ್ಚಿದ ಫ್ಲಾಪಿ

ರಾಯಬಾಗದಲ್ಲಿ ಮೊಟ್ಟಮೊದಲು ಕಂಪ್ಯೂಟರ್ ಕ್ಲಾಸ್ ತೆಗೆದವ ತಾನೇ ಎಂದು ಧರೆಪ್ಪ ಇಂದಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ. ಟಿವಿಗೆ ಜೋಡಿಸುವ ಗಿಡ್ಡ ಕಂಪ್ಯೂಟರ್, ಒಂದು ಫ್ಲಾಪಿ ಡ್ರೈವ್, ಟೈಪಿಂಗ್ ಕಲಿಸುವ ಒಂದೇ ಒಂದು ಫ್ಲಾಪಿ, ಇಷ್ಟೇ ಬಂಡವಾಳ. ಅಲ್ಲಿ ನಿಜವಾಗಿ ಕಲಿಸುತ್ತಿದ್ದವಳು ಬೇಡಕಿಹಾಳದ ಸುಗಂಧಾ ಎನ್ನುವುದನ್ನು ಮಾತ್ರ ಅವನು ಯಾರ ಮುಂದೆಯೂ ಎತ್ತಿರಲಿಲ್ಲ.

ಎತ್ತದಿರಲು ಕಾರಣವಿತ್ತು. ಮೂವತ್ತೈದು ವರ್ಷದ ಹಿಂದೆ, ದಸರೆಯ ಮರುದಿನ, ಫ್ಲಾಪಿ ಹಾಕಿದರೆ ಪರದೆಯ ಮೇಲೆ ಇದು ನಕಲು ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದು ನಿಂತಿತು. ಅಸಲಿಯನ್ನು ಯಾರೋ ಹೊಡೆದುಕೊಂಡು ನಕಲು ಇಟ್ಟಿದ್ದಾರೆ ಎಂದು ಧರೆಪ್ಪ ತೀರ್ಮಾನಿಸಿಬಿಟ್ಟ. ಕ್ಲಾಸಿನ ಕೀಲಿ ಇದ್ದದ್ದು ಅವನ ಬಳಿ, ಅವನ ಹೆಂಡತಿಯ ತಮ್ಮ ಶಿವರಾಜನ ಬಳಿ ಮತ್ತು ಸುಗಂಧಾಳ ಬಳಿ. ಶಿವರಾಜನನ್ನು ಒಂದು ಮಾತೂ ಕೇಳಲಿಲ್ಲ. ಸುಗಂಧಾಳ ಚೀಲವನ್ನು ಹನ್ನೆರಡು ವಿದ್ಯಾರ್ಥಿಗಳ ಎದುರು ಮೇಜಿನ ಮೇಲೆ ಝಾಡಿಸಿದ. ಬುತ್ತಿ ಡಬ್ಬಿ, ಬಾಚಣಿಕೆ, ಬಸ್ ಪಾಸು ಬಿದ್ದವು. ಒಂದೊಂದನ್ನೇ ಆರಿಸಿ ತುಂಬಿಕೊಂಡು ಹೋದವಳು ಮತ್ತೆ ಬರಲಿಲ್ಲ.

ಕಳೆದ ವಾರ ಆ ಫ್ಲಾಪಿ ಅಟ್ಟದಿಂದ ಇಳಿಯಿತು. ಮಗಳು ರೂಪಾಲಿಗೆ ಹಳೆಯ ಕಂಪ್ಯೂಟರ್‌ಗಳ ಹುಚ್ಚು. ಫ್ಲಾಪಿಯ ಮೇಲಿನ ಗುರುತುಗಳನ್ನು ಇದ್ದದ್ದು ಇದ್ದಂತೆಯೇ ಓದುವ ಸಲಕರಣೆಯನ್ನೂ ತರಿಸಿಕೊಂಡಿದ್ದಳು.

“ಅಪ್ಪಾ, ಇದು ಅಸಲಿನ ಐತಿ,” ಎಂದಳು. “ನಕಲು ಆಗಬಾರ್ದಂತ ಕಂಪನಿಯವ್ರು ಒಂದ ಜಾಗಾ ಬೇಕಂತನ ಕೆಡಿಸಿಟ್ಟಿರ್ತಿದ್ರು. ನಕಲು ಮಾಡೂ ಪ್ರೋಗ್ರಾಮ್ ಎಲ್ಲಾನೂ ಚೊಲೋ ಮಾಡಿ ಬರೀತೈತಿ. ಕೆಟ್ಟದ್ದನ್ನ ಕೆಟ್ಟಂಗ ಬರಿಯಾಕ ಅದಕ್ಕ ಬರೂದಿಲ್ಲ. ಫ್ಲಾಪಿ ಹಾಕಿದ ಕೂಡ್ಲೆ ಟೈಪಿಂಗ್ ಪ್ರೋಗ್ರಾಮ್ ಮೊದ್ಲ ಆ ಕೆಟ್ಟ ಜಾಗಾ ಹುಡುಕ್ತೈತಿ. ಸಿಕ್ರ ಅಸಲಿ, ಸಿಗಲಿಲ್ಲಂದ್ರ ನಕಲು.”

“ಹಂಗಾದ್ರ ಇದ್ಯಾಕ ನಕಲು ಅಂತು?”

“ಉಳಿದದ್ದೆಲ್ಲಾ ಫ್ಯಾಕ್ಟರಿ ಬರಹ. ಅದೊಂದ ಜಾಗಾ ಮಾತ್ರ ಯಾರೋ ಬ್ಯಾರೆ ಡ್ರೈವ್‌ನ್ಯಾಗ ಹಾಕಿ ರಿಪೇರಿ ಮಾಡ್ಯಾರ.”

ಧರೆಪ್ಪನ ಕಣ್ಣು ಫ್ಲಾಪಿಯ ಚೀಟಿಯ ಮೇಲಿನ ಕುಂಕುಮದ ಬೊಟ್ಟಿಗೆ ಹೋಗಿ ನಿಂತಿತು. ಯಾರೋ ಏನು ಬಂತು, ಅವನೇ. ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಇಡುವ ಸಾಮಾನಿನಲ್ಲಿ ಊನವಿರಬಾರದೆಂದು ಅವನ ಮನೆಯಲ್ಲಿ ಕುಡಗೋಲಿಗೆ ಸಾಣೆ ಹಿಡಿಸಿ, ಸಡಿಲಾದ ಹಿಡಿಕೆ ಬಿಗಿಮಾಡಿಯೇ ಇಡುವುದು. ಅದೇ ಭಕ್ತಿಯಲ್ಲಿ ಪೂಜೆಯ ಹಿಂದಿನ ದಿನ ಫ್ಲಾಪಿ ರಿಪೇರಿ ಮಾಡುವ ಪ್ರೋಗ್ರಾಮ್ ಓಡಿಸಿದ್ದ. ಒಂದು ದೋಷ ಸರಿಹೋಯಿತೆಂದು ಪರದೆಯ ಮೇಲೆ ಬಂದಾಗ ಶಿವರಾಜನನ್ನು ಕರೆದು ತೋರಿಸಿ ಬೀಗಿದ್ದ.

ಧರೆಪ್ಪನಿಗೆ ಮಗಳ ಮುಖ ನೋಡಲಾಗಲಿಲ್ಲ. ತಪ್ಪು ತಿಳಿದದ್ದಿರಲಿ, ಚೀಲ ಸುಗಂಧಾಳದ್ದನ್ನೇ ಯಾಕೆ ಝಾಡಿಸಿದೆ? ಊರ ಹೊರಗಿನ ಅವಳ ಕೇರಿಯ ಹೆಸರೇ ಅಂದು ಅವನಿಗೆ ಸಾಕ್ಷಿಯಾಗಿತ್ತು. ಇದನ್ನು ಹೇಳಲು ಯಾವ ಸಲಕರಣೆಯೂ ಬೇಕಿರಲಿಲ್ಲ, ಅವನಿಗೆ ಅಂದೇ ಗೊತ್ತಿತ್ತು.

ಬೇಡಕಿಹಾಳಕ್ಕೇನೋ ಹೋದ. ಹೋದದ್ದೂ ಮಟಮಟ ಮಧ್ಯಾಹ್ನ, ಸುಗಂಧಾ ಒಬ್ಬಳೇ ಇರುವ ಹೊತ್ತು ವಿಚಾರಿಸಿಕೊಂಡು. ಘಾಟಿ ಮನುಷ್ಯ. ಫ್ಲಾಪಿಯನ್ನು ತಾನೇ ರಿಪೇರಿ ಮಾಡಿ ಕೆಡಿಸಿದ್ದೆಂದು ಒಪ್ಪಿಕೊಂಡು, ತಪ್ಪಾಯಿತು ಎಂದ. ತಲೆ ನರೆತ ಸುಗಂಧಾ ಚಹದ ಕಪ್ಪನ್ನು ಅವನತ್ತ ಸರಿಸಿದಳು.

“ಆತು ಬಿಡ್ರಿ ಸರ್. ಚಾ ಆರತೈತಿ, ಕುಡೀರಿ,” ಎಂದಳು.

ಇಷ್ಟಕ್ಕೇ ಮುಗಿಯಿತಲ್ಲ ಎಂದು ಧರೆಪ್ಪ ಹಗುರಾದ. ಚಪ್ಪಲಿ ಮೆಟ್ಟುತ್ತಿದ್ದಾಗ ಅವಳ ಮಗ ವಿಕ್ರಾಂತ, ಸೊಸೆ ಸಪನಾ ಅಂಗಳಕ್ಕೆ ಬಂದರು.

“ಇವ್ರು ಧರೆಪ್ಪ ಸರ್. ರಾಯಬಾಗದಾಗ ಇವ್ರ ಕ್ಲಾಸಿನ್ಯಾಗ ನಾ ಕಲಸ್ತಿದ್ನಿ,” ಎಂದಳು ಸುಗಂಧಾ. ಮುಂದೆ ಏನೂ ಹೇಳಲಿಲ್ಲ. ಇಷ್ಟು ವರ್ಷವೂ ಹೇಳಿರಲಿಲ್ಲ.

“ಹೌದೇನ್ರಿ,” ಎನ್ನುತ್ತ ವಿಕ್ರಾಂತ ಕಾಲು ಮುಟ್ಟಲು ಬಾಗಿದ.

ಧರೆಪ್ಪ ಕೆಂಡ ತುಳಿದವನಂತೆ ಕಾಲು ಹಿಂದಕ್ಕೆಳೆದುಕೊಂಡ. ಹಾಗೇ ಹೊರಟುಬಿಡಬಹುದಿತ್ತು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ.

“ತಡಿ ತಮ್ಮಾ. ಕುಂಡ್ರು. ತಂಗಿ, ನೀನೂ ಕುಂಡ್ರವಾ.”

ಸುಗಂಧಾ ಬೇಡವೆನ್ನಲಿಲ್ಲ. ಅರೆ ತೆರೆದಿದ್ದ ಬಾಗಿಲನ್ನು ಓಣಿಗೆ ಕೇಳುವಂತೆ ಪೂರ್ತಿ ತೆಗೆದಿಟ್ಟಳು.

“ನಿಮ್ಮ ಅವ್ವನ್ನ ಹನ್ನೆರಡ ಮಂದಿ ಮುಂದ ನಾ ಕಳ್ಳಿ ಮಾಡಿದ್ನಿ,” ಎಂದು ಧರೆಪ್ಪ ಶುರುಮಾಡಿದ.