ಹತ್ತು ಸಾವಿರದ ಆಚೆ

ನಮ್ಮದು ಐದೇ ಜನರ ಕಂಪನಿ. ಔಷಧಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಯಾವುದಾದರೂ ಮಾತ್ರೆಯ ಒಂದು ಬ್ಯಾಚ್ ಕೆಟ್ಟಿದೆ ಎಂದು ತಯಾರಕರು ವಾಪಸು ಕರೆಸಿಕೊಂಡರೆ, ಅದನ್ನು ಕೊಂಡವರ ಫೋನಿಗೆ ತಕ್ಷಣ ಮೆಸೇಜ್ ಹೋಗಬೇಕು. ಅದೇ ನಮ್ಮ ಹೆಮ್ಮೆ. ಆದರೆ ಅಂಗಡಿಗಳ ಕಂಪ್ಯೂಟರಿನಿಂದ ಗಿರಾಕಿಗಳ ಪಟ್ಟಿ ತಂದುಕೊಡುವ ಟೂಲ್ ಮಾತ್ರ ಬೇರೆಯವರದು. ನಮಗೆ ಮೂರೇ ಅಂಗಡಿಗಳಿದ್ದಾಗ ಅದನ್ನು ಆರಿಸಿದವನು ನಾನು. ಪಟ್ಟಿಯಲ್ಲಿ ಮೊದಲ ಹತ್ತು ಸಾವಿರ ಹೆಸರು ಮಾತ್ರ ತರುತ್ತದೆ ಎಂದು ಅದರ ಕೈಪಿಡಿಯಲ್ಲಿ ಒಂದು ಸಾಲು ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಎಂದು ನಕ್ಕು ಪುಟ ತಿರುಗಿಸಿದ್ದೆ.

ಅಂಗಡಿಗಳು ನಲವತ್ತಾದವು. ಮುಖಕ್ಕಿಂತ ಮೊದಲು ಮೀಸೆಯೇ ಬಾಗಿಲು ದಾಟುವ ಸಹೋದ್ಯೋಗಿಯೊಬ್ಬ ನಮ್ಮಲ್ಲಿದ್ದಾನೆ. ಹೆಸರೂ ಮೀಸೆಯೇ ಆಗಿಹೋಗಿದೆ.

"ಅಣ್ಣಾ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಆದ್ರೆ ನಮ್ಮ ಕಾಲೇ ಬೆಳೆದಿದೆ. ಈ ಬಾಡಿಗೆ ಟೂಲ್ ಸಾಲ್ತಿಲ್ಲ. ಒಂದು ತಿಂಗಳು ಕೊಡಿ, ನಮ್ಮದೇ ಬರೀತೀನಿ," ಎಂದ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೋ?" ಎಂದೆ. ಎಲ್ಲರೂ ನಕ್ಕರು. ಗಾದೆ ಹೇಳಿದರೆ ವಾದ ಗೆದ್ದ ಹಾಗೆ ಎಂದು ನಂಬಿದ ಮೂರ್ಖ ನಾನು.

ಆಫೀಸಿನ ಗೋಡೆಯ ಪರದೆಯಲ್ಲಿ ಗಿರಾಕಿಗಳ ಒಟ್ಟು ಸಂಖ್ಯೆ ಕಾಣುತ್ತಿತ್ತು. ಅದು ಹತ್ತು ಸಾವಿರ ಮುಟ್ಟಿದ ದಿನ ಬಾಸ್ ಕೇಕ್ ತಂದರು. ಮರುದಿನವೂ ಹತ್ತು ಸಾವಿರ. ವಾರ ಕಳೆದರೂ ಹತ್ತು ಸಾವಿರ.

"ಒಬ್ಬರೂ ಹೊಸಬರು ಬಂದಿಲ್ವಾ ಅಣ್ಣಾ?" ಎಂದ ಮೀಸೆ.

"ನಿನ್ನ ಕಣ್ಣು ಬಿತ್ತು ನೋಡು," ಎಂದೆ. ಅದೇ ವಾರ, ಅಕ್ಕನ ಮನೆ ಹತ್ತಿರದ ಹೊಸ ಅಂಗಡಿಯಲ್ಲಿ ಭಾವನ ಹೆಸರನ್ನು ನಾನೇ ನಿಂತು ಸೇರಿಸಿದ್ದೆ. ಅವರ ಹೃದಯ ಸರಿಯಾಗಿ ಬಡಿಯಬೇಕಾದರೆ ದಿನಕ್ಕೊಂದು ಮಾತ್ರೆ ಬೇಕೇ ಬೇಕು.

ಮುಂದಿನ ತಿಂಗಳು ಅದೇ ಮಾತ್ರೆಯ ಒಂದು ಬ್ಯಾಚಿನಲ್ಲಿ ಔಷಧವೇ ಇಲ್ಲ, ಬರೀ ಪುಡಿ ಎಂದು ಗೊತ್ತಾಯಿತು. ಮೆಸೇಜ್ ಬರೆದು ಕಳಿಸಿದವನೂ ನಾನೇ. ಎಲ್ಲರಿಗೂ ತಲುಪಿದೆ ಎಂದು ಪರದೆ ತೋರಿಸಿತು. ಸಂಜೆ ಅಕ್ಕ ಫೋನ್ ಮಾಡಿದಳು.

"ಮಾತ್ರೆ ಏನೋ ಕೆಟ್ಟಿದೆಯಂತಲ್ಲೋ. ನಿಮ್ಮ ಭಾವಂದೂ ಅದೇ. ಅಂಗಡಿಗೆ ಹೋಗಿ ಕೇಳ್ಲಾ?"

"ಭಾವನಿಗೆ ಮೆಸೇಜ್ ಬಂತಾ?"

"ಇಲ್ಲಪ್ಪ."

"ಬಂದಿಲ್ಲ ಅಂದ್ರೆ ಅವರ ಮಾತ್ರೆ ಚೆನ್ನಾಗಿದೆ ಅಂತಲೇ. ಸುಮ್ನೆ ಯಾಕೆ ಅಲೀತೀಯ? ನಾನಿಲ್ವಾ?"

"ನೀನಿದ್ದೀಯಲ್ಲ, ಸಾಕು ಬಿಡು," ಎಂದಳು.

ಭಾವ ಶಿಸ್ತಿನ ಮನುಷ್ಯ. ಬೆಳಿಗ್ಗೆ ತಿಂಡಿ ಮುಗಿಸಿ, ಮಾತ್ರೆ ನುಂಗಿ, ಆಮೇಲೇ ಬೂಟು ಹಾಕಿಕೊಳ್ಳುವವರು. ಅಕ್ಕ ಫೋನ್ ಮಾಡಿದ ಹನ್ನೊಂದನೆಯ ದಿನ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ದಿನ ಬಿಟ್ಟು ಅಕ್ಕ ಅವರ ಕಪಾಟು ಖಾಲಿ ಮಾಡುತ್ತಿದ್ದಳು. ನಾನು ಬಟ್ಟೆ ಮಡಚುತ್ತಿದ್ದೆ.

"ಎರಡು ಸ್ಟ್ರಿಪ್ ಹಾಗೇ ಇದೆ ಕಣೋ. ಪಕ್ಕದ ಮನೆಯವರೂ ಇದೇ ಮಾತ್ರೆ ತಗೊಳ್ತಾರೆ. ಕೊಟ್ಟುಬಿಡ್ಲಾ?" ಎಂದು ಸ್ಟ್ರಿಪ್ ನನ್ನ ಕೈಗಿಟ್ಟಳು.

ಅಂಚಿನಲ್ಲಿ ಬ್ಯಾಚ್ ಸಂಖ್ಯೆ ಇತ್ತು. ಮೆಸೇಜಿನಲ್ಲಿ ನಾನೇ ಬರೆದಿದ್ದ ಆ ಸಂಖ್ಯೆ ನನಗೆ ಬಾಯಿಪಾಠ. ಗೋಡೆಯ ಪರದೆ ನೆನಪಾಯಿತು, ಕೈಪಿಡಿಯ ಸಾಲು ನೆನಪಾಯಿತು. ಟೂಲ್ ಹತ್ತು ಸಾವಿರ ಹೆಸರು ತಂದು ತೆಪ್ಪಗೆ ನಿಂತಿತ್ತು. ಆಮೇಲೆ ಸೇರಿದ ಒಬ್ಬರಿಗೂ ಮೆಸೇಜ್ ಹೋಗಿರಲಿಲ್ಲ. ಭಾವ ಸೇರಿದ್ದು ಆಮೇಲೆ.

ವರಾಂಡಕ್ಕೆ ಹೋಗಿ ಮೀಸೆಗೆ ಫೋನ್ ಮಾಡಿ, ಬಿಟ್ಟುಹೋದವರಿಗೆಲ್ಲ ಈಗಲೇ ತಿಳಿಸು ಎಂದೆ. ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡ್ತೀನಿ ಎಂದ. ಒಳಗೆ ಬರುವಾಗ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹಳೇ ಮಾತ್ರೆ ಯಾರಿಗೂ ಕೊಡಬಾರದು ಎಂದರೆ ಸಾಕಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಕೊಡಬೇಡ ಅಕ್ಕ. ಕೆಟ್ಟ ಮಾತ್ರೆ ಅಂದ್ರಲ್ಲ, ಅದು ಇದೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಭಾವನ ಫೋನ್ ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಮೆಸೇಜ್ ನೋಡತೊಡಗಿದಳು.

"ಇಲ್ಲ ಕಣೋ, ನಿನಗೇ ಎಲ್ಲೋ ತಪ್ಪು ತಿಳಿದಿದೆ," ಎಂದು ಫೋನನ್ನು ನನ್ನತ್ತ ಹಿಡಿದಳು. "ನೋಡು, ಯಾವ ಮೆಸೇಜೂ ಬಂದಿಲ್ಲ. ಬಂದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ನೀನೇ ಹೇಳಿದ್ಯಲ್ಲ."