ಎರಡನೆಯ ಸ್ಲಾಟ್

ಹಲ್ಲಿಯ ಮೊಟ್ಟೆಯ ಚಿಪ್ಪು, ಫ್ಯಾನಿನ ಸಂದಿಯಲ್ಲಿ, ಅಂಗಿಯ ಗುಂಡಿಯ ಹಾಗೆ ಬೆಳ್ಳಗೆ — ಯಂತ್ರ ಬಂದ ಆಕ್ಲೆಂಡಿನ ಚಳಿಗೆ ಹಲ್ಲಿ ಎಲ್ಲಿಂದ ಬರಬೇಕು, ಇದು ನಮ್ಮ ದ್ವೀಪದ್ದೇ, ಹಡಗಿನಿಂದ ಯಂತ್ರದ ಪೀಪಾಯಿ ಇಳಿದದ್ದೇ ತಡ ಸಂಸಾರ ಹೂಡಿಬಿಟ್ಟಿದೆ — ಲೋಸಲಿನೆ ಚಿಪ್ಪನ್ನು ಉಗುರಿನಿಂದ ಎತ್ತಿ ಚಾಪೆಯ ಅಂಚಿಗಿಟ್ಟಳು, ಪಕ್ಕಕ್ಕೆ ಮಲಗಿಸಿದ ಹಳೆಯ ಕಂಪ್ಯೂಟರಿನ ಬಿಚ್ಚಿದ ಹೊಟ್ಟೆಯೊಳಗೆ ಮತ್ತೆ ಬಗ್ಗಿದಳು, ಧೂಳು, ತಂತಿಗಳ ಗೋಜಲು, ತುಕ್ಕಿನ ವಾಸನೆ, ಹೊರಗೆ ಜಗಲಿಯ ಮೇಲೆ ತಮ್ಮ ಕೆಲೆಪಿಯ ಕೆಮ್ಮು, ನಡುವೆ ಬಾಗಿಲಿಗೆ ಇಳಿಬಿಟ್ಟ ತೊಗಟೆ ಬಟ್ಟೆಯ ಪರದೆ, ಊರಿನ ರೂಢಿಯಂತೆ ಅಕ್ಕ ಕೂತ ಕೋಣೆಗೆ ಬೆಳೆದ ತಮ್ಮ ಕಾಲಿಡುವಂತಿಲ್ಲ, ಇಟ್ಟವನೂ ಅಲ್ಲ, ನೇರ ಮಾತೂ ಕೂಡದು, ಆದ್ದರಿಂದ ಅವನ ಹೆಂಡತಿ ಮೆಲಿಯಾಮೆ ಹೊಸ್ತಿಲ ಮೇಲೆ ಕೂತು ಅವನ ಮಾತನ್ನು ಒಳಗೂ ಇವಳ ಮಾತನ್ನು ಹೊರಗೂ ದಾಟಿಸುತ್ತಿದ್ದಾಳೆ, ಪ್ಲಗ್ ಕಿತ್ತಿದ್ದೀರಾ ಅಂತ ಕೇಳ್ತಿದಾರೆ ಅತ್ತಿಗೆ, ಕಿತ್ತಿದೀನಿ ಅನ್ನು, ಮೊದ್ಲು ಕಬ್ಬಿಣದ ಚೌಕಟ್ಟು ಮುಟ್ಬೇಕಂತೆ, ಮೈಯಲ್ಲಿರೋ ಕರೆಂಟು ಇಳೀಲಿ ಅಂತ, ಮುಟ್ಟಿದೀನಿ ಅನ್ನು, ಇಬ್ಬರಿಗೂ ಕಿವಿ ಚೆನ್ನಾಗೇ ಕೇಳ್ಸುತ್ತೆ, ಮಧ್ಯೆ ನಾನೊಬ್ಬಳು ಟೆಲಿಫೋನ್ ಕಂಬ ಎಂದು ಮೆಲಿಯಾಮೆ ಗೊಣಗಿದಾಗ ಹೊರಗಿನ ಕೆಮ್ಮು ನಗುವಾಗಿ ತಿರುಗಿತು, ನಗಲಿ, ನಿನ್ನೆಯಿಂದ ಆ ಸದ್ದು ಕೇಳಿರಲಿಲ್ಲ. ನಿನ್ನೆ ಕೇಳಿದ್ದು ಬೇರೆ ಸದ್ದು, ಚಿಟ್ ಎಂದು ಪ್ಲಾಸ್ಟಿಕ್ ಮುರಿದದ್ದು, ಕೆಲೆಪಿ ತಾನೇ ಈ ಹೊಸ ಮೆಮೊರಿ ಪಟ್ಟಿಯನ್ನು ಕೂರಿಸಲು ಹೋಗಿ, ಕೈ ನಡುಗಿ, ಓರೆಯಾಗಿ ಒತ್ತಿ, ಹಳೆಯ ಪಟ್ಟಿಯ ಪಕ್ಕದ ಎರಡನೆಯ ಸ್ಲಾಟಿನ ತುದಿಯ ಕೊಂಡಿಯನ್ನು ಮುರಿದು ಒಳಗಿನದೊಂದು ತಂತಿಯನ್ನೂ ಬಗ್ಗಿಸಿಬಿಟ್ಟ, ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಇಷ್ಟೇ ಅಂದನಂತೆ, ಪಾದ್ರಿಗಳಿಗೆ ಹೇಳ್ಬಿಡು, ಈ ಸಲ ಹಾಡು ಬೇರೆ ಯಾರಾದ್ರೂ ಕಟ್ಲಿ.

ಬೇರೆ ಯಾರು ಕಟ್ಟುತ್ತಾರೆ, ಈ ಊರಿನ ಇಗರ್ಜಿಯಲ್ಲಿ ಮೇ ತಿಂಗಳ ಮಕ್ಕಳ ಹಬ್ಬಕ್ಕೆ ಹಾಡು ಅಂದರೆ ಕೆಲೆಪಿ, ಕಾಯಿಲೆ ಬಂದು ಕೈ ನಡುಕ ಹತ್ತಿದ ಮೇಲೆ ಪೆನ್ನು ಹಿಡಿದರೆ ಸ್ವರ ಬರೆಯುವ ಅಂಕಿಗಳು ಏಡಿಗಳ ಹಾಗೆ ಹಾಳೆಯ ತುಂಬ ಓಡಾಡುತ್ತಿದ್ದವು, ಆಗ ಆಕ್ಲೆಂಡಿನ ನೆಂಟರ ಪೀಪಾಯಿಯಲ್ಲಿ ಈ ಹಳೆಯ ಯಂತ್ರ ಬಂತು, ಒಂದೇ ಬೆರಳಿನಿಂದ ಒತ್ತಿದರೂ ಸಾಕು, ಸ್ವರ ಕೂರುತ್ತದೆ, ಹೆಂಗಸರ ದನಿ ಬೇರೆ, ಗಂಡಸರ ದನಿ ಬೇರೆ, ಯಂತ್ರವೇ ಹಾಡಿ ತೋರಿಸುತ್ತದೆ, ಆದರೆ ಗಂಡಸರ ದನಿ ಸೇರಿಸಿದ ಕೂಡಲೇ ಯಂತ್ರದ ಪರದೆ ನೀಲಿಯಾಗಿ ಎಲ್ಲ ಸತ್ತುಹೋಗುತ್ತದೆ, ಮೆಮೊರಿ ಸಾಲದು ಅಂದರು ಬಂದರಿನ ಅಂಗಡಿಯಲ್ಲಿ, ಹೊಸ ಪಟ್ಟಿ ಸೋದರತ್ತೆಯ ಮಗನ ಕಾಲುಚೀಲದೊಳಗೆ ಕೂತು ರಾಜಧಾನಿ ನುಕುಅಲೋಫಾದಿಂದ ಹಡಗಿನಲ್ಲಿ ಬಂತು — ಈಗ ಇದೋ ಸ್ಲಾಟಿನೊಳಗಿನ ಆ ಸಾಲು, ಟಾರ್ಚಿನ ಬೆಳಕಿಗೆ ಚಿನ್ನದ ಹಾಗೆ, ಕೂದಲೆಳೆಯಷ್ಟು ತೆಳ್ಳಗಿನ ತಂತಿಗಳು ಒತ್ತೊತ್ತಾಗಿ ನಿಂತಿವೆ, ಒಂದು ಮಾತ್ರ ಪಕ್ಕದವಳ ಹೆಗಲ ಮೇಲೆ ವಾಲಿದೆ, ಇಗರ್ಜಿಯ ಬೆಂಚಿನಲ್ಲಿ ನಿದ್ದೆ ಹೋದ ಮುದುಕಿಯಂತೆ, ಲೋಸಲಿನೆಗೆ ನಗು ಬಂತು, ನಕ್ಕರೆ ತಂತಿ ಎತ್ತಲು ಹಿಡಿದ ಸೂಜಿ ಜಾರುತ್ತದೆ, ಕನ್ನಡಕ ಮೂಗಿನ ತುದಿಗೆ ಬಂದಿದೆ, ಜೀವಮಾನವಿಡೀ ಚಾಪೆ ಹೆಣೆದ ಬೆರಳುಗಳು, ತೆಳ್ಳಗೆ ಸೀಳಿದ ಎಲೆಯೊಂದು ಎಡವಿದರೆ ಇಡೀ ಸಾಲು ಸೊಟ್ಟಗಾಗುತ್ತದೆಂದು ಗೊತ್ತಿರುವ ಬೆರಳುಗಳು, ಮೆಲ್ಲಗೆ, ಎಬ್ಬಿಸು, ಎಳೆಯಬೇಡ, ಎಬ್ಬಿಸು, ಅಮ್ಮ ಹೇಳುತ್ತಿದ್ದದ್ದೂ ಹಾಗೆಯೇ, ತಮ್ಮನನ್ನು ಮೆಲ್ಲಗೆ ಎಬ್ಬಿಸು, ಕಡಲ ನೀರು ಇಳಿದಿದೆ, ಆಗ ಮಕ್ಕಳಿಬ್ಬರೂ ಬಂಡೆಸಾಲಿಗೆ ಹೋಗುತ್ತಾರೆ, ಮೊಣಕಾಲುದ್ದ ನೀರು, ಅವಳ ಬುಟ್ಟಿಯಲ್ಲಿ ಚಿಪ್ಪು, ಅವನ ಬಾಯಲ್ಲಿ ರಾಗ, ಅಕ್ಕಾ ಇದು ಕೇಳು, ಅಕ್ಕಾ ಈಗ ಇದು, ಬಾಯಿ ಮುಚ್ಚೋ ಮೀನು ಓಡಿಹೋಗ್ತವೆ, ಎಷ್ಟು ಸುಲಭವಾಗಿ ಗದರಿಸುತ್ತಿದ್ದಳು, ಆಮೇಲೊಂದು ದಿನ ಅವನ ದನಿ ಒಡೆಯಿತು, ಅವನ ಚಾಪೆ ಸುತ್ತಿ ಹುಡುಗರ ಗುಡಿಸಲಿಗೆ ಕಳಿಸಿದರು, ಅಲ್ಲಿಂದೀಚೆಗೆ ಅವನ ಹಾಡೆಲ್ಲ ಅವಳು ಕೇಳಿದ್ದು ಇಗರ್ಜಿಯ ಹೆಂಗಸರ ಸಾಲಿನಲ್ಲಿ, ಊರಿನವರೆಲ್ಲ ಕೇಳುವಾಗ, ಮರ್ಯಾದೆಯಾಗಿ ತಲೆ ತಗ್ಗಿಸಿಕೊಂಡು — ತಂತಿ ಎದ್ದಿತು. ಎದ್ದು, ಸಾಲಿನಲ್ಲಿ ನಿಂತಿತು.

ಅಯ್ಯೋ ಹಂದಿ, ಗೆಣಸಿನ ಪಾತಿಗೆ ಹಂದಿ ನುಗ್ಗಿದೆ, ಎಂದು ಮೆಲಿಯಾಮೆ ಹೊಸ್ತಿಲಿಂದೆದ್ದು ಓಡಿದಳು, ಅವಳ ಚಪ್ಪಲಿಯ ಸದ್ದು ತೆಂಗಿನ ಮರಗಳಾಚೆ ಹೋಯಿತು, ಇನ್ನು ಮಾತು ದಾಟಿಸುವವರಿಲ್ಲ, ಪಟ್ಟಿ ಕೈಯಲ್ಲೇ ಇದೆ, ಕೆಳಗೆ, ಪರದೆಯ ಅಂಚು ನೆಲ ಮುಟ್ಟದ ಸಂದಿಯಲ್ಲಿ, ಅವನ ಕೈ ಕಾಣಿಸಿತು, ಜಗಲಿಯ ಹಲಗೆಯ ಮೇಲೆ ಅಂಗೈ ಮೇಲಾಗಿ ಬಿದ್ದ ಕೈ, ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿವೆ, ಅಷ್ಟು ಹತ್ತಿರದಿಂದ ಅವಳು ನೋಡಿಯೇ ಇರಲಿಲ್ಲ, ಮುದುಕನ ಕೈ, ಯಾವಾಗ ಆಯಿತು ಅದು, ಕಣ್ಣು ಬೇರೆಡೆ ತಿರುಗಿಸಬೇಕು, ತಿರುಗಿಸಲಿಲ್ಲ, ಅಕ್ಕಾ, ಎಂದಿತು ಪರದೆ, ತಂತಿ ನೆಟ್ಟಗಾಯ್ತಾ. ಆಯ್ತು, ಎಂದಳು, ದನಿ ತನ್ನದೇ ಅನ್ನಿಸಲಿಲ್ಲ, ಒತ್ತೋಕೆ ಭಯ ಆಗ್ತಿದೆ ಕಣೋ, ಮುರಿದ್ರೆ ಏನು ಗತಿ. ಅರ್ಧ ನಾನೇ ಮುರಿದಿದ್ದೀನಿ ಅಕ್ಕಾ, ಮಿಕ್ಕಿದ್ದು ನಿಮ್ಮ ಪಾಲಿಗಿರ್ಲಿ, ಒತ್ತಿ. ನಕ್ಕಳು, ಒತ್ತಿದಳು, ಒಂದು ತುದಿ ಟಕ್ ಎಂದಿತು, ಇನ್ನೊಂದಕ್ಕೆ ಕೊಂಡಿಯಿಲ್ಲ, ಪ್ಲಗ್ ಸಿಕ್ಕಿಸಿದಳು — ಪೀ, ಪೀ, ಪೀ, ತಾಯಿ ತಪ್ಪಿದ ಕೋಳಿಮರಿಯ ಕೂಗು, ನಿಲ್ಲುವುದೇ ಇಲ್ಲ, ಕರೆಂಟು ತೆಗೀರಿ, ಅದು ಕೂತಿಲ್ಲ, ಎಂದ ಕೆಲೆಪಿ, ಸಂದಿಯಲ್ಲಿ ಆ ಕೈ ಮುದುಡಿ ಮುಷ್ಟಿಯಾಯಿತು, ಬೇಡ, ಮುದುಡಬೇಡ, ಇವಳು ಪ್ಲಗ್ ಕಿತ್ತು, ಪಟ್ಟಿ ತೆಗೆದು, ಅದರ ಹೊಳೆಯುವ ಅಂಚನ್ನು ಒಣ ಬಟ್ಟೆಯಿಂದ ಒರೆಸಿ, ಈ ಸಲ ಮುರಿದ ಕಡೆಯನ್ನೇ ಮೊದಲು ಕೂರಿಸಿದಳು, ಮೇಲೇಳುವುದು ಅದೇ ತಾನೆ, ಎರಡೂ ಹೆಬ್ಬೆರಳು ಸಮನಾಗಿ, ಹಿಟ್ಟು ನಾದುವಾಗ ಅಂಗೈ ಬುಡದಿಂದ ಒತ್ತುವ ಹಾಗೆ, ಇನ್ನೂ, ಇನ್ನೂ ಸ್ವಲ್ಪ, ಟಕ್.

ಪೀ — ಒಂದೇ ಸಲ. ಆಮೇಲೆ ಫ್ಯಾನಿನ ಗಾಳಿ ಮಾತ್ರ. ಬಂತು, ಎಂದ ಹೊರಗಿನಿಂದ, ಅವಳಿಗಿಂತ ಮೊದಲು ಅವನಿಗೇ ತಿಳಿಯಿತು, ಯಂತ್ರದ ಪರದೆಯ ಮೇಲೆ ಮೆಮೊರಿಯ ಅಂಕಿ ಮೊದಲಿನದರ ಎರಡರಷ್ಟಾಗಿತ್ತು, ಎತ್ತಿ ನಿಲ್ಲಿಸ್ಬೇಡಿ ಅಕ್ಕಾ, ಇನ್ಮೇಲೆ ಅದು ಮಲಗೇ ಇರ್ಲಿ, ನಿಲ್ಸಿದ್ರೆ ಪಟ್ಟಿ ಸಡಿಲ ಆಗುತ್ತೆ, ಮಲಗಿರಲಿ, ಯಾರು ಎಬ್ಬಿಸುತ್ತಾರೆ, ಯಾವ ಚಿತ್ರದ ಮೇಲೆ ಒತ್ತಬೇಕೆಂದು ಅವನು ಹೇಳುತ್ತಾನೆ, ಇವಳು ಒತ್ತುತ್ತಾಳೆ, ಹೆಂಗಸರ ದನಿ ಬಂತು, ತಗಡಿನ ಡಬ್ಬಿಯೊಳಗಿಂದ ಹಾಡಿದ ಹಾಗೆ, ಆದರೂ ಅದು ಅವನ ರಾಗ, ಅದಕ್ಕೆ ಎರಡನೆಯ ದನಿ ಕೂಡಿತು, ಈಗ ಗಂಡಸರು ಬರಬೇಕು, ಇಲ್ಲೇ ಸಾಯುತ್ತಿದ್ದದ್ದು, ಇಲ್ಲೇ — ಗಂಡಸರು ಬಂದರು, ಕೆಳಗಿನಿಂದ, ದೂರದ ಬಂಡೆಸಾಲಿಗೆ ಅಲೆ ಬಡಿದಂತೆ, ಪರದೆ ನೀಲಿಯಾಗಲಿಲ್ಲ, ಹಾಡು ನಿಲ್ಲಲಿಲ್ಲ, ಅವನು ಯಾರಿಗೂ ಕೇಳಿಸದಿದ್ದ ಸಾಲುಗಳಿಗೆ ದಾಟಿತು, ಮೇಲೇರಿತು, ಮೆಲಿಯಾಮೆ ಹಂದಿಯನ್ನು ಬಯ್ಯುತ್ತಾ ವಾಪಸು ಬರುತ್ತಿದ್ದವಳು ಅಂಗಳದಲ್ಲೇ ನಿಂತಳು, ಲೋಸಲಿನೆ ತಲೆ ತಗ್ಗಿಸಲಿಲ್ಲ, ಸಂದಿಯಲ್ಲಿ ಮುಷ್ಟಿ ಬಿಚ್ಚಿತ್ತು, ಕೈ ಹಲಗೆ ಬಿಟ್ಟು ಎದ್ದಿತ್ತು, ನಡುಗುತ್ತಲೇ, ಇಗರ್ಜಿಯಲ್ಲಿ ಹಾಡಿಸುವಾಗ ಮುಂದಿನ ಸಾಲಿಗೆ ಊರನ್ನೇ ಕರೆಯುವ ಹಾಗೆ, ಕೈ, ಎತ್ತಿದ ಕೈ, ನಡುಗುವ ಎತ್ತಿದ ಕೈ —