ಆಷಾಢದಲ್ಲಿ ಕೊಟ್ಟ ರಕ್ತ

"ರೋಗ ಇಲ್ಲ ಅಂದ್ರಲ್ಲ ಬುದ್ದಿ, ಇನ್ನೇನು?" ಎಂದು ಶಿವಮಲ್ಲಪ್ಪ ಎದ್ದೇ ನಿಂತ. ವಲ್ಲಿಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡೂ ಆಗಿತ್ತು.

"ಇಲ್ಲ ಅಂತ ನಾನೆಲ್ಲಿ ಅಂದೆ? ಮೈಸೂರಿನಲ್ಲಿ ನಿನ್ನ ರಕ್ತ ನೋಡಿದಾಗ ಕಾಣಲಿಲ್ಲವಂತೆ, ಅಷ್ಟೆ. ಕೂತ್ಕೋ," ಎಂದರು ನಂಜನಗೂಡು ಆಸ್ಪತ್ರೆಯ ಡಾಕ್ಟರು.

ಕೂತ.

"ಆ ಹೆಂಗಸಿನ ಹತ್ತಿರ ಹೋಗಿಬಂದ ವಾರದಲ್ಲೇ ಓಡಿಬಂದು ರಕ್ತ ಕೊಟ್ಟೆ. ರಾಗಿ ಚೆಲ್ಲಿದ ಮಾರನೆಯ ದಿನ ಹೊಲ ನೋಡಿ, ಮೊಳಕೆ ಇಲ್ಲ, ಬಿತ್ತೇ ಇಲ್ಲ ಅಂತೀಯೇನಯ್ಯ? ಈ ಕಾಯಿಲೆ ರಕ್ತದಲ್ಲಿ ಕಾಣೋದು ನಿಧಾನ. ದೀಪಾವಳಿ ಕಳೆದ ಮೇಲೆ ಇನ್ನೊಂದು ಸಲ ಕೊಡು. ಅಲ್ಲಿಯವರೆಗೆ ಹೆಂಡತಿಯ ಹತ್ತಿರ ಹೋಗಬೇಡ. ಅವಳಿಗೂ ತಗಲುತ್ತೆ, ಹುಟ್ಟುವ ಮಗುವಿಗೂ ತಗಲುತ್ತೆ."

ಬಿಳಿಗೆರೆಯ ಶಿವಮಲ್ಲಪ್ಪನಿಗೆ ಮದುವೆಯಾದದ್ದು ಆ ವರ್ಷವೇ. ಹೊಸ ಸೊಸೆ ಆಷಾಢದಲ್ಲಿ ಗಂಡನ ಮನೆಯಲ್ಲಿ ಇರುವ ಹಾಗಿಲ್ಲವಲ್ಲ, ರುದ್ರಾಣಿ ತಿರುಮಕೂಡಲು ನರಸೀಪುರದ ತವರಿಗೆ ಹೋದಳು. ಇವನು ವೀಳ್ಯದೆಲೆ ಹೇರಿಕೊಂಡು ಮೈಸೂರಿಗೆ ಹೋದವನು, ಜೊತೆಗಾರನ ಮಾತು ಕೇಳಿ ಒಂದು ಸಂಜೆ ಹೋಗಬಾರದ ಮನೆಗೂ ಹೋದ. ವಾರ ತುಂಬುವ ಮೊದಲೇ, ಅಲ್ಲಿಗೆ ಹೋಗಿಬರುವ ರೂಢಿಯಿದ್ದ ಆ ಜೊತೆಗಾರನಿಗೆ ಹುಣ್ಣೆದ್ದ ಸುದ್ದಿ ಬಂತು. ಶಿವಮಲ್ಲಪ್ಪನ ಊಟ ನಿದ್ದೆ ಎರಡೂ ಹೋದವು. ತನ್ನ ಮೈಮೇಲೆ ಏನೂ ಇರಲಿಲ್ಲ. ದಿನವೂ ನೋಡಿಕೊಂಡದ್ದೇ ನೋಡಿಕೊಂಡದ್ದು.

ಈಗ ಶ್ರಾವಣ ಹುಟ್ಟಿತ್ತು. ಹೆಂಡತಿಯನ್ನು ಕರೆತರಲೇಬೇಕು. ಗಾಡಿ ಕಟ್ಟಿಕೊಂಡು ಹೊರಟವನು ನರಸೀಪುರದ ದಾರಿಯುದ್ದಕ್ಕೂ ಡಾಕ್ಟರ ಮಾತಿನಲ್ಲಿ ತನಗೆ ಬೇಕಾದಷ್ಟನ್ನೇ ಆರಿಸಿಕೊಂಡ. ಕಾಣಲಿಲ್ಲ ಅಂದರೆ ಇಲ್ಲ ಅಂತಲೇ ತಾನೆ? ಎತ್ತುಗಳು ಏನು ಹೇಳಿಯಾವು? ಮನುಷ್ಯ ಕೆಟ್ಟವನಲ್ಲ, ಹೆದರಿದ್ದ. ಹೆದರಿದವನ ಲೆಕ್ಕಾಚಾರವೇ ಹಾಗೆ.

ಅತ್ತೆ ಗುರುಸಿದ್ದಮ್ಮ ಶಾವಿಗೆ ಬಡಿಸಿದರು. ಹೊರಡುವ ಹೊತ್ತಿಗೆ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಸುರಿದು ಮಡಿಲು ತುಂಬಿದರು.

"ಮುಂದಿನ ಶ್ರಾವಣಕ್ಕೆ ಈ ಮಡ್ಲಲ್ಲಿ ಕೂಸಿರ್ಲಿ. ಏನಂತೀರಿ ಅಳಿಯಂದ್ರೇ?"

ಅಳಿಯನ ಕಣ್ಣಿಗೆ ನೀರು ಬಂತು. ಅತ್ತೆ ಅದನ್ನು ಸಂತೋಷಕ್ಕೆ ಎಂದುಕೊಂಡರು.

ಇನ್ನು ತಡೆಯಲಾರದೆ ಅವನು ರುದ್ರಾಣಿಯನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿಬಿಟ್ಟ. ಆ ಸಂಜೆಯನ್ನೂ ಹೇಳಿದ, ರಕ್ತ ಕೊಟ್ಟದ್ದನ್ನೂ ಹೇಳಿದ. ಡಾಕ್ಟರ ಮಾತನ್ನು ಈ ಸಲ ಪೂರ್ತಿ ಹೇಳಿದ.

"ದೀಪಾವಳಿ ಗಂಟ ಇಲ್ಲೇ ಇರು. ನಿಮ್ಮವ್ವನಿಗೆ ಏನಾರ ಒಂದು ಏಳ್ತೀನಿ."

ಅವಳು ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ.

"ಆಷಾಡ ಕಳೆದ್ಮೇಲೂ ಗಂಡ ಬುಟ್ಟೋದ ಅಂದ್ರೆ ಊರೋರು ನನ್ನಲ್ಲೇ ಐಬು ಉಡುಕ್ತಾರೆ. ಮಾಡ್ದೋರು ನೀವು, ನಾನ್ಯಾಕೆ ಇಲ್ಲಿರ್ಲಿ?"

"ಅಂಗಾದ್ರೆ?"

"ಬತ್ತೀನಿ. ನೀವು ಜಗ್ಲಿ ಮೇಲೆ ಮಲೀಕಳಿ. ಯಾಕೆ ಅಂತ ನಿಮ್ಮವ್ವ ಕೇಳಿದ್ರೆ ಬಾಯಿ ಬುಟ್ಟು ನೀವೇ ಏಳ್ಬೇಕು. ನಾನೇಳಾಕಿಲ್ಲ."

ಗಾಡಿ ಹತ್ತಿಸಲು ಅವನು ಕೈ ಚಾಚಿದ. ಅವಳು ಗಾಡಿಯ ಗೂಟ ಹಿಡಿದು ತಾನೇ ಹತ್ತಿದಳು. ಗುರುಸಿದ್ದಮ್ಮ ಬಾಗಿಲಲ್ಲಿ ನಗುತ್ತ ನಿಂತಿದ್ದರು. ಗಾಡಿ ಊರು ದಾಟಿತು.

"ದೀಪಾವಳಿ ಕಳೆದ್ಮೇಲೂ ರಕ್ತದಲ್ಲಿ ಕಾಣ್ಲಿಲ್ಲ ಅಂದ್ರೆ?" ಎಂದಳು ರುದ್ರಾಣಿ.

"ಡಾಕ್ಟ್ರನ್ನೇ ಕೇಳ್ಬೇಕು."

"ಕೇಳಾಕೆ ನಾನೂ ಬತ್ತೀನಿ."

ಅವನು ಆಗಲಿ ಎಂದು ತಲೆಯಾಡಿಸಿದ. ರುದ್ರಾಣಿ ಮಡಿಲ ಅಕ್ಕಿಯನ್ನು ಒಂದು ಬಟ್ಟೆಗೆ ಸುರಿದು, ಬಿಗಿಯಾಗಿ ಗಂಟು ಹಾಕಿ, ಇಬ್ಬರ ನಡುವೆ ಇಟ್ಟಳು. ಹಳ್ಳದಲ್ಲಿ ಗಾಡಿ ಎತ್ತಿಹಾಕಿದಾಗ ಗಂಟು ವಾಲಿತು. ಇಬ್ಬರೂ ಒಟ್ಟಿಗೇ ಕೈಯಿಟ್ಟು ಹಿಡಿದುಕೊಂಡರು.